ಬಾಗಿಲು ಹಾಕಿಕೊಂಡ ಚಳಿಗಾಲ

ಕೇಳುಗರಿಗೆ ನಮಸ್ಕಾರ.

ನಾನು ಮೈಸೂರಿನ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಮೂರು ವರ್ಷ ಇದ್ದವಳು. ನಮಗೆ ಚಳಿಗಾಲ ಅಂದರೆ ಧನುರ್ಮಾಸ. ಬೆಳಗಿನ ಐದಕ್ಕೇ ಬಚ್ಚಲುಮನೆಯ ಮುಂದೆ ಬಕೆಟ್ಟುಗಳ ಸಾಲು. ಹಂಡೆಯ ನೀರು ಮೊದಲ ಹತ್ತು ಜನಕ್ಕೆ ಬಿಸಿ, ಆಮೇಲಿನ ಹತ್ತು ಜನಕ್ಕೆ ಉಗುರುಬೆಚ್ಚಗೆ, ಉಳಿದವರಿಗೆ ದೇವರೇ ಗತಿ. ಮೆಣಸು ಹಾಕಿದ ಹುಗ್ಗಿಯ ವಾಸನೆ ಅಡುಗೆಮನೆಯಿಂದ ಬಂತೆಂದರೆ ತಣ್ಣೀರಿನ ಸ್ನಾನವೂ ಮರೆತುಹೋಗುತ್ತಿತ್ತು. ಅವರೆಕಾಯಿ ಕಾಲದಲ್ಲಿ ರಾತ್ರಿ ಕಾರಿಡಾರಿನಲ್ಲಿ ಗುಂಪು ಕೂತು ಕಾಳು ಹಿತಕುತ್ತಿದ್ದೆವು. ಕಾಳು ಪಾತ್ರೆಗೆ, ಸುದ್ದಿ ಕಿವಿಗೆ. ವಾರ್ಡನ್ ಕೂಡ ಒಮ್ಮೊಮ್ಮೆ ಬಂದು ಕೂರುತ್ತಿದ್ದರು. ಆಗ ಸುದ್ದಿ ನಿಂತು ಕಾಳು ಮಾತ್ರ ಬೀಳುತ್ತಿತ್ತು.

ಇಷ್ಟು ಬಂಡವಾಳ ಇಟ್ಟುಕೊಂಡು ನಾನು ಒಂದು ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಥಾಂಪ್ಟನ್ ಎಂಬ ಊರಿಗೆ ಹೋದೆ. ನನ್ನ ಅಕ್ಕನ ಮಗಳು ಅಲ್ಲಿನ ಸ್ಮಿತ್ ಕಾಲೇಜಿನಲ್ಲಿ ಓದುತ್ತಿದ್ದಳು. ಡಿಸೆಂಬರ್ ಮೊದಲ ವಾರದಿಂದ ಫೆಬ್ರುವರಿ ಕೊನೆಯ ತನಕ ಇದ್ದೆ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲು, ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿ ಆಗಿರುತ್ತದೆ. ನಾವು ಕಾಫಿಗೆ ನೀರಿಡುವ ಹೊತ್ತು ಅದು. ಆಚೆ ನೋಡಿದರೆ ಕಗ್ಗತ್ತಲೆ, ಮೊಣಕಾಲುದ್ದ ಹಿಮ. ಇಷ್ಟು ಉದ್ದದ ಸಂಜೆಯನ್ನು ಈ ಹುಡುಗಿಯರು ಏನು ಮಾಡುತ್ತಾರೆ ಅನ್ನುವುದೇ ನನಗೆ ಮೊದಲು ಹುಟ್ಟಿದ ಪ್ರಶ್ನೆ.

ಸ್ಮಿತ್ ಕಾಲೇಜು ಹುಟ್ಟಿದ್ದು ಸೋಫಿಯಾ ಸ್ಮಿತ್ ಎಂಬಾಕೆಯ ಉಯಿಲಿನಿಂದ. ಮದುವೆಯಾಗದ ಹೆಂಗಸು, ವಯಸ್ಸಾಗುತ್ತ ಕಿವಿಯೂ ಕೇಳದಾಯಿತು. ಒಡಹುಟ್ಟಿದವರೆಲ್ಲ ತೀರಿಕೊಂಡು ಮನೆತನದ ಆಸ್ತಿ ಅವಳೊಬ್ಬಳ ಕೈಗೆ ಬಂದಿತ್ತು. ಊರಿನ ಪಾದ್ರಿ ಜಾನ್ ಗ್ರೀನ್ ಅವರ ಸಲಹೆ ಕೇಳಿ, ಗಂಡುಮಕ್ಕಳಿಗೆ ಸಿಗುವಂಥದೇ ವಿದ್ಯೆ ಹೆಣ್ಣುಮಕ್ಕಳಿಗೂ ಸಿಗಲಿ ಎಂದು ಬರೆದಿಟ್ಟು 1870ರಲ್ಲಿ ತೀರಿಕೊಂಡಳು. 1875ರಲ್ಲಿ ಕಾಲೇಜು ಬಾಗಿಲು ತೆಗೆದಾಗ ಬಂದವರು 14 ಹುಡುಗಿಯರು.

ಆಗ ಒಂದು ಚರ್ಚೆ ನಡೆದಿತ್ತು. ಹುಡುಗಿಯರನ್ನೆಲ್ಲ ಒಂದೇ ದೊಡ್ಡ ಕಟ್ಟಡದಲ್ಲಿ ತುಂಬಿದರೆ ಅವರು ಊರಿನ, ಮನೆಯ ಬದುಕಿನಿಂದ ದೂರವಾಗಿಬಿಡುತ್ತಾರೆ ಎಂದು ಹಿರಿಯರಿಗೆ ಅಳುಕು. ಅದಕ್ಕೆ ದೊಡ್ಡ ಹಾಸ್ಟೆಲ್ ಬೇಡ, ಮನೆಗಳೇ ಇರಲಿ ಎಂದು ಗೊತ್ತುಮಾಡಿದರು. ಇವತ್ತಿಗೂ ಅಲ್ಲಿ ಹಾಸ್ಟೆಲ್ ಅನ್ನುವುದಿಲ್ಲ, ‘ಹೌಸ್’ ಅನ್ನುತ್ತಾರೆ. ಒಂದೊಂದು ಹೌಸಿಗೂ ತನ್ನದೇ ನಡುಮನೆ, ತನ್ನದೇ ಹೆಸರು, ತನ್ನದೇ ಜಂಬ. ನನಗೆ ನಗು ಬಂದದ್ದು ಏಕೆಂದರೆ, ಹುಡುಗಿಯರು ಹೆಚ್ಚು ಒಗ್ಗಟ್ಟಾಗಬಾರದೆಂದು ಕಟ್ಟಿದ ಮನೆಗಳಲ್ಲೇ ಅವರು ಬಿಡಿಸಲಾಗದಂತೆ ಒಗ್ಗಟ್ಟಾದರು. ಅದರಲ್ಲಿ ಚಳಿಯ ಪಾಲು ದೊಡ್ಡದು. ಹೊರಗೆ ಕಾಲಿಡಲು ಮೈ ಒಪ್ಪದಿದ್ದಾಗ ನಡುಮನೆಯೇ ಊರಾಗುತ್ತದೆ.

ಪ್ರತಿ ಶುಕ್ರವಾರ ಮಧ್ಯಾಹ್ನದ ಮೇಲೆ ಆ ನಡುಮನೆಯಲ್ಲಿ ಟೀ. ಬಹಳ ಹಳೆಯ ಪದ್ಧತಿ. ಹಿಂದೆ ಪಿಂಗಾಣಿ ಕಪ್ಪು, ಒಳ್ಳೆಯ ಉಡುಪು ಎಲ್ಲ ಇತ್ತಂತೆ. ನಾನು ನೋಡಿದ ದಿನ ಅರ್ಧ ಜನ ರಾತ್ರಿ ಹಾಕುವ ಪೈಜಾಮದಲ್ಲೇ ಇಳಿದು ಬಂದಿದ್ದರು. ಒಬ್ಬಳು ಪಿಯಾನೋ ಮೇಲೆ ಏನೋ ತಡವರಿಸುತ್ತಿದ್ದಳು, ಇನ್ನೊಬ್ಬಳು ನೆಲದ ಮೇಲೆ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ನಮ್ಮ ಅವರೆಕಾಳಿನ ಸಭೆಯೇ, ಅವರೆಕಾಳು ಇಲ್ಲ ಅಷ್ಟೆ. ಟೀ ಮಾತ್ರ ಬಿಸಿನೀರಿನಲ್ಲಿ ಚೀಲ ಅದ್ದಿದ್ದು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಡಿಸೆಂಬರಿನಲ್ಲಿ ಪರೀಕ್ಷೆಗೆ ಮೊದಲು ಹೌಸಿನೊಳಗೆ ‘ಸೀಕ್ರೆಟ್ ಸಾಂಟಾ’ ನಡೆಯುತ್ತದೆ. ಚೀಟಿ ಎತ್ತಿ, ಯಾರಿಗೂ ತಿಳಿಯದಂತೆ ಇನ್ನೊಬ್ಬಳ ಬಾಗಿಲ ಬಳಿ ಸಣ್ಣಪುಟ್ಟ ಕಾಣಿಕೆ ಇಟ್ಟು ಬರಬೇಕು. ನಮ್ಮ ಹುಡುಗಿಯ ಬಾಗಿಲಿಗೆ ಯಾರೋ ಒಂದು ಜೊತೆ ಉಣ್ಣೆಯ ಕಾಲುಚೀಲ ಸಿಕ್ಕಿಸಿ ಹೋಗಿದ್ದರು. ಅದೇ ಹೊತ್ತಿಗೆ ಜಾನ್ ಗ್ರೀನ್ ಹೆಸರಿನ ದೊಡ್ಡ ಸಭಾಂಗಣದಲ್ಲಿ ಕ್ರಿಸ್‌ಮಸ್ ವೆಸ್ಪರ್ಸ್, ಅಂದರೆ ಸಂಜೆಯ ಹಾಡಿನ ಪ್ರಾರ್ಥನೆ. ಕಾಲೇಜಿನ ಗಾಯನ ತಂಡಗಳು ಹಾಡುತ್ತವೆ, ಊರಿನವರೂ ಬಂದು ದನಿಗೂಡಿಸುತ್ತಾರೆ. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಪುಸ್ತಕ ನೋಡದೆ ಎಲ್ಲವನ್ನೂ ಹಾಡಿದರು. ನಮ್ಮ ಭಜನೆಮನೆಯಲ್ಲಿ ಕಣ್ಣುಮುಚ್ಚಿ ತಾಳ ಹಾಕುವ ಅಜ್ಜಿಯರ ಹಾಗೇ.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ವಿಷಯ. ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಈ ಕಾಲೇಜಿನ ಒಂದು ಚಳಿಗಾಲದಲ್ಲಿ.

ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು 1891ರ ಡಿಸೆಂಬರಿನಲ್ಲಿ ಈ ಆಟ ಕಂಡುಹಿಡಿದರು. ಕಾರಣ ಚಳಿಯೇ. ಹೊರಗೆ ಆಡಲು ಆಗದೆ, ಒಳಗಿನ ಕವಾಯತಿನಿಂದ ರೋಸಿಹೋದ ಹುಡುಗರಿಗೆ ಏನಾದರೂ ಬೇಕಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲುಪ್ಪರಿಗೆಯ ಕಟಾಂಜನಕ್ಕೆ ಹೊಡೆದು, 13 ನಿಯಮ ಬರೆದು ಗೋಡೆಗೆ ಅಂಟಿಸಿದರು. ಮರುತಿಂಗಳು, 1892ರ ಜನವರಿಯಲ್ಲಿ, ಸ್ಮಿತ್ ಕಾಲೇಜಿಗೆ ವ್ಯಾಯಾಮ ಕಲಿಸಲು ಸೆಂಡಾ ಬೆರೆನ್‌ಸನ್ ಬಂದಳು. ಲಿಥುವೇನಿಯಾದಲ್ಲಿ ಹುಟ್ಟಿ ಬಾಸ್ಟನ್ನಿನಲ್ಲಿ ಬೆಳೆದವಳು, ಆಗ 23ರ ಹರೆಯ. ಚಿಕ್ಕಂದಿನಲ್ಲಿ ತಾನೇ ಬಲಹೀನಳಾಗಿದ್ದು ವ್ಯಾಯಾಮದಿಂದ ಚೇತರಿಸಿಕೊಂಡವಳು. ನೈಸ್ಮಿತ್ತರ ಆಟದ ಬಗ್ಗೆ ಓದಿದ್ದೇ ತಡ, ತನ್ನ ಹುಡುಗಿಯರಿಗೆ ಹೇಳಿಕೊಟ್ಟಳು.

1893ರ ಮಾರ್ಚ್ 22. ಮೊದಲ ವರ್ಷದವರಿಗೂ ಎರಡನೆಯ ವರ್ಷದವರಿಗೂ ಪಂದ್ಯ. ಗಂಡಸರಿಗೆ ಪ್ರವೇಶವಿಲ್ಲ, ಏಕೆಂದರೆ ಹುಡುಗಿಯರು ಪಾದ ಮುಚ್ಚುವ ಲಂಗ ಬಿಟ್ಟು ಅಗಲ ಷರಾಯಿಯಂಥ ಉಡುಪು ತೊಟ್ಟಿದ್ದರು. ನೋಡಲು ಬಂದ ಗೆಳತಿಯರು ಕೂಗಾಡಿದ್ದೇ ಕೂಗಾಡಿದ್ದು. ಬೆರೆನ್‌ಸನ್ ಚೆಂಡನ್ನು ಮೇಲಕ್ಕೆ ಎಸೆದಳು. ಅದು ಎತ್ತಿದ ಕೈಯೊಂದಕ್ಕೆ ಬಡಿದು ಒಬ್ಬ ಆಟಗಾರ್ತಿಯ ಭುಜವೇ ಜಾರಿಹೋಯಿತು. ಆಟ ಶುರುವಾಗುವ ಮೊದಲೇ! ಆ ಹುಡುಗಿಯನ್ನು ಪಕ್ಕದ ಕೋಣೆಗೆ ಕರೆದೊಯ್ದು ಭುಜ ಕೂಡಿಸಿ, ಬದಲಿಗೆ ಇನ್ನೊಬ್ಬಳನ್ನು ಇಳಿಸಿ ಆಟ ಮುಂದುವರಿಸಿದರು. ಹೆಣ್ಣುಮಕ್ಕಳ ಮೈ ನಾಜೂಕು ಎಂದು ಡಾಕ್ಟರುಗಳು ಬರೆಯುತ್ತಿದ್ದ ಕಾಲವದು.

ಆದರೆ ಬೆರೆನ್‌ಸನ್ನಳನ್ನು ಪೂರ್ತಿ ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಅವಳು ಹೆಣ್ಣುಮಕ್ಕಳಿಗೆಂದು ನಿಯಮ ಬದಲಿಸಿದಳು: ಅಂಗಳ ಮೂರು ಭಾಗ, ತನ್ನ ಭಾಗ ದಾಟುವಂತಿಲ್ಲ, ಎದುರಾಳಿಯ ಕೈಯಿಂದ ಚೆಂಡು ಕಸಿಯುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದಿರುವಂತಿಲ್ಲ. ಆಟ ಒರಟಾದರೆ ದೊಡ್ಡವರು ಅದನ್ನೇ ನಿಲ್ಲಿಸಿಬಿಡುತ್ತಾರೆ ಎಂಬ ಜಾಣತನ ಅದರಲ್ಲಿತ್ತು, ಒಪ್ಪೋಣ. ಆದರೂ ಆ ಗೆರೆಗಳು ಒಂದಲ್ಲ ಒಂದು ರೂಪದಲ್ಲಿ ಸುಮಾರು 1970ರವರೆಗೆ ಅಮೆರಿಕದ ಕಾಲೇಜು ಹುಡುಗಿಯರ ಅಂಗಳದಲ್ಲಿ ಉಳಿದುಕೊಂಡವು. ಮನೆಯಲ್ಲಿ ಅಮ್ಮ ಹಾಕಿದ ಗೆರೆ ಅಪ್ಪ ಹಾಕಿದ್ದಕ್ಕಿಂತ ಅಳಿಸಲು ಕಷ್ಟ, ನೋಡಿ.

ಹೊರಗಿನ ಒಡನಾಟವೇ ಇರಲಿಲ್ಲವೆಂದಲ್ಲ. ಇದೇ ಕನೆಟಿಕಟ್ ಹೊಳೆಯ ಮೇಲ್ಗಡೆ, ಪಕ್ಕದ ರಾಜ್ಯದಲ್ಲಿ, ಡಾರ್ಟ್‌ಮತ್ ಎಂಬ ಆಗಿನ ಹುಡುಗರ ಕಾಲೇಜು. ಅಲ್ಲಿ 1911ರಿಂದ ‘ವಿಂಟರ್ ಕಾರ್ನಿವಲ್’ ನಡೆಯುತ್ತದೆ: ಸ್ಕೀಯಿಂಗ್, ಹಿಮದ ಶಿಲ್ಪ, ರಾತ್ರಿ ಕುಣಿತ. ಹುಡುಗಿಯರು ಪೆಟ್ಟಿಗೆ ಕಟ್ಟಿಕೊಂಡು ರೈಲು ಹತ್ತಿ ಹೋಗುತ್ತಿದ್ದರು. 1972ರಲ್ಲಿ ಡಾರ್ಟ್‌ಮತ್ತೇ ಹುಡುಗಿಯರನ್ನು ಸೇರಿಸಿಕೊಂಡಿತು.

ಇನ್ನೊಂದು ಚಾಳಿ ಹೇಳದೆ ಮುಂದೆ ಹೋಗಲಾರೆ. ನಾರ್ಥಾಂಪ್ಟನ್ನಿನಿಂದ ಬಸ್ಸು ಹಿಡಿದರೆ ಮೌಂಟ್ ಹೋಲ್ಯೋಕ್, 1837ರಲ್ಲಿ ಮೇರಿ ಲಯನ್ ಕಟ್ಟಿದ ಹೆಣ್ಣುಮಕ್ಕಳ ವಿದ್ಯಾಲಯ. ನವೆಂಬರಿನಲ್ಲಿ ಅವರ ಸ್ಥಾಪಕರ ದಿನ. ಅಂದು ಕೊನೆಯ ವರ್ಷದ ಹುಡುಗಿಯರು ಬೆಳಗಿನ ಜಾವ ಎದ್ದು, ಕಪ್ಪು ಗೌನು ತೊಟ್ಟು, ಆವರಣದಲ್ಲೇ ಇರುವ ಮೇರಿ ಲಯನ್ ಸಮಾಧಿಯ ಬಳಿ ನಿಂತು ಐಸ್‌ಕ್ರೀಮ್ ತಿನ್ನುತ್ತಾರೆ. ಬಡಿಸುವವರು ಕಾಲೇಜಿನ ಹಿರಿಯರು. ಆ ಚಳಿಯಲ್ಲಿ, ಆ ಹೊತ್ತಿನಲ್ಲಿ ಐಸ್‌ಕ್ರೀಮ್! ನಾವು ಹಿರಿಯರ ಹೆಸರಲ್ಲಿ ವಡೆ ಪಾಯಸ ತಿನ್ನುವುದಿಲ್ಲವೇ ಅಂತ ನನ್ನಕ್ಕ ಫೋನಿನಲ್ಲಿ ವಾದ ಹೂಡಿದಳು. ವಡೆ ಬಿಸಿಯಾಗಿರುತ್ತದೆ, ಅಕ್ಕಾ.

ಸ್ಮಿತ್ತಿನಲ್ಲಿ ಚಳಿಗಾಲದ ದೊಡ್ಡ ಹಬ್ಬ ಫೆಬ್ರುವರಿಯ ರ‍್ಯಾಲಿ ಡೇ. 1876ರಲ್ಲಿ ಜಾರ್ಜ್ ವಾಷಿಂಗ್ಟನ್ ಹುಟ್ಟುಹಬ್ಬದ ಆಚರಣೆಯಾಗಿ ಶುರುವಾಗಿ, 1906ರಲ್ಲಿ ಈ ಹೆಸರು ಪಡೆಯಿತು. ಆ ಮಧ್ಯಾಹ್ನ ತರಗತಿ ಇಲ್ಲ. ಹೆಸರು ಮಾಡಿದ ಹಳೆಯ ವಿದ್ಯಾರ್ಥಿನಿಯರಿಗೆ ಪದಕ ಕೊಡುತ್ತಾರೆ. ಕೊನೆಯ ವರ್ಷದವರು ಪದವಿಯ ಗೌನನ್ನು ಮೊದಲ ಸಲ ಎಲ್ಲರೆದುರು ತೊಡುವ ದಿನ ಇದು. ಆದರೆ ತಲೆಯ ಮೇಲೆ ಪದವಿಯ ಟೋಪಿ ಇರಬಾರದು. ಅದರ ಬದಲು ಬೇರೆ ಯಾವುದಾದರೂ ಟೋಪಿ, ಎಷ್ಟು ವಿಚಿತ್ರವೋ ಅಷ್ಟು ಚೆನ್ನ. ಆ ದಿನ ನಾನು ಕಂಡ ತಲೆಗಳ ಮೇಲೆ ರಟ್ಟಿನ ಹಡಗು, ಬಾತುಕೋಳಿ, ಬಲ್ಬು ಉರಿಯುವ ಮರ, ಒಂದು ಟೀ ಕೆಟಲ್ ಇದ್ದವು.

ನಮ್ಮ ಹುಡುಗಿ ತಿಂಗಳ ಮುಂಚೆಯೇ ಅವಳ ತಾತನ ಜರಿ ಪೇಟ ತರಿಸಿಕೊಂಡಿದ್ದಳು. ಕಪ್ಪು ಗೌನು, ಮೇಲೆ ಮೈಸೂರು ಪೇಟ. ಕನ್ನಡಿ ಮುಂದೆ ನಿಂತು, ದಿವಾನರ ಗತ್ತಿನಲ್ಲಿ ಒಮ್ಮೆ ಕತ್ತು ತಿರುಗಿಸಿ, ಬಾಗಿಲು ತೆಗೆದು ಹಿಮಕ್ಕೆ ಕಾಲಿಟ್ಟಳು. ಹತ್ತು ಹೆಜ್ಜೆ ಹೋಗಿ ಹಿಂದಕ್ಕೆ ಓಡಿಬಂದಳು.

“ಚಿಕ್ಕಮ್ಮ, ಪೇಟ ಕಿವಿ ಮುಚ್ಚಲ್ಲ.”

ನನ್ನ ಹತ್ತಿರ ಇದ್ದದ್ದು ಊರಿಂದ ತಂದ ಕಂದು ಬಣ್ಣದ ಮಂಕಿ ಟೋಪಿ ಒಂದೇ. ಅದನ್ನು ಗಲ್ಲದ ತನಕ ಎಳೆದುಕೊಂಡು, ಅದರ ಮೇಲೆ ಪೇಟ ಇಟ್ಟುಕೊಂಡು, ಒಂದು ಕೈಯಲ್ಲಿ ಪೇಟ ಹಿಡಿದು ಗೆಳತಿಯರ ಗುಂಪು ಸೇರಿಕೊಂಡಳು.