ಕೂಗಿದರೆ ಕೂಗಲಿ ಬಿಡಿ

ಎಲ್ಲರಿಗೂ ನಮಸ್ಕಾರ. ಮೈಕ್ ಒಂಚೂರು ಕೆಳಗಿಳಿಸ್ತೀರಾ? ಹಾಂ, ಸಾಕು. ಹಿಂದೆ ಕೂತೋರಿಗೆ ಕೇಳಿಸ್ತಾ ಇದೆ ತಾನೆ? ಇಪ್ಪತ್ತಾರು ವರ್ಷ ಕಲಿಯೋರ ಪಕ್ಕದ ಸೀಟಲ್ಲಿ ಕೂತು ‘ಬ್ರೇಕು, ಬ್ರೇಕು’ ಅಂತ ಕಿರುಚಿದ ಗಂಟಲು ಇದು. ಮೈಕ್ ಕೈಕೊಟ್ರೂ ನಡೆಯುತ್ತೆ.

ನನಗೆ ಕೊಟ್ಟ ವಿಷಯ ‘ಮಹಿಳೆಯರು ಮತ್ತು ವಾಹನ ಚಾಲನೆ’. ಒಪ್ಕೊಂಡು ನಾಲ್ಕು ಪುಟ ಬರ್ಕೊಂಡೂ ಬಂದಿದ್ದೀನಿ. ಆದ್ರೆ ಹೋದ ಭಾನುವಾರ ರಾಜಾಜಿನಗರದಲ್ಲಿ, ನಮ್ಮ ಮನೆ ಎದುರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಲ್ಲಿ ಒಂದು ನಾಟಕ ನೋಡಿದೆ. ಹೊಸ ಕಾರು. ಮಗಳು ಸ್ಟೇರಿಂಗ್ ಮುಂದೆ, ಅಪ್ಪ ಪಕ್ಕದಲ್ಲಿ. ಅವಳು ಕ್ಲಚ್ ಬಿಡ್ತಾ ಹದವಾಗಿಯೇ ಕಾಲು ಕೊಟ್ಟಳು. ಇಂಜಿನ್ ಒಂದು ಸ್ವರ ಮೇಲೇರಿತು. ತಕ್ಷಣ ಅಪ್ಪ, ‘ಎಷ್ಟು ರೇಸ್ ಕೊಡ್ತೀಯೇ! ಇಂಜಿನ್ ಕಿತ್ಕೊಂಡು ಬರುತ್ತೆ!’ ಅವಳು ಹೆದರಿ ಕಾಲೆತ್ತಿದಳು. ಗಾಡಿ ಆಫ್. ಹಿಂದಕ್ಕೆ ಜಾರಿತು. ಹೀಗೇ ನಾಲ್ಕು ಸಲ ಆಯ್ತು. ಐದನೇ ಸಲ ಅಪ್ಪನೇ ಇಳಿದು ಬಂದು ಸ್ಟೇರಿಂಗ್ ಹಿಡಿದರು. ಅವರದ್ದೂ ಆಫ್. ನಾನು ಬಾಲ್ಕನಿಯಲ್ಲಿ ಕಾಫಿ ಕುಡೀತಾ ಇದ್ದೆ, ಸುಳ್ಳು ಯಾಕೆ ಹೇಳ್ಲಿ, ಆ ದಿನದ ಕಾಫಿ ಬಹಳ ರುಚಿಯಾಗಿತ್ತು.

ಆದ್ರಿಂದ ಆ ನಾಲ್ಕು ಪುಟ ಬ್ಯಾಗಲ್ಲೇ ಇರ್ಲಿ. ಕಾರು ಕಲಿಯೋಕೆ ಬರೋ ಹೆಣ್ಣುಮಕ್ಕಳನ್ನ ಹೆದರಿಸೋದು ಟ್ರಾಫಿಕ್ ಅಂತ ಜನ ತಿಳ್ಕೊಂಡಿದ್ದಾರೆ. ನಾನು ಕಂಡ ಹಾಗೆ ಅವರು ಹೆದರೋದು ಪಕ್ಕದಲ್ಲಿ ಕೂತೋರ ಕಿವಿಗೆ. ಇಂಜಿನ್ ಸ್ವಲ್ಪ ಕೂಗಿದ್ರೆ ಸಾಕು, ಅದಕ್ಕೇನೋ ನೋವಾಯ್ತು ಅನ್ನೋ ಕಿವಿ ಅದು. ಇಂಜಿನ್‌ಗೆ ನೋವಾಗಿಲ್ಲ ಸ್ವಾಮಿ. ಕೆಲಸ ಮಾಡ್ತಾ ಇದೆ. ಚಿಕ್ಕ ಇಂಜಿನ್ ಕೆಲಸ ಮಾಡೋದೇ ಕೂಗಿ. ಇವತ್ತು ಈ ಮಾತನ್ನ ಇನ್ನೂ ಮೂರ್ನಾಲ್ಕು ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಇಲ್ಲಿ ಎಷ್ಟು ಜನ ಒನಕೆ ಹಿಡಿದಿದ್ದೀರಿ? ಪರವಾಗಿಲ್ಲ, ಐದಾರು ಕೈ ಎದ್ದವು. ಒನಕೆ ಉದ್ದ, ಭಾರ. ಎತ್ತಿ ಬಿಟ್ಟರೆ ಒಂದೇ ಏಟಿಗೆ ಎಷ್ಟೋ ಕೆಲಸ ಆಗುತ್ತೆ. ಆದ್ರೆ ನಿಮಿಷಕ್ಕೆ ಎಷ್ಟು ಸಲ ಎತ್ತಬಹುದು? ಅದೇ ನಮ್ಮಜ್ಜಿ ಎಲೆ ಅಡಿಕೆ ಕುಟ್ಟೋ ಕುಟ್ಟಾಣಿ ನೋಡಿ. ಟಕಟಕ ಟಕಟಕ. ಒಂದು ಏಟಿನಲ್ಲಿ ಏನೂ ಇಲ್ಲ, ಏಟುಗಳ ಲೆಕ್ಕದಲ್ಲೇ ಎಲ್ಲಾ. ಕುಟ್ಟಾಣಿಯನ್ನ ಒನಕೆ ಥರ ನಿಧಾನಕ್ಕೆ ಎತ್ತಿ ಎತ್ತಿ ಕುಟ್ಟಿದ್ರೆ ಸಂಜೆವರೆಗೂ ಅಡಿಕೆ ಪುಡಿಯಾಗಲ್ಲ. ಒನಕೆಯನ್ನ ಕುಟ್ಟಾಣಿ ವೇಗದಲ್ಲಿ ಆಡಿಸ್ತೀನಿ ಅಂದ್ರೆ ನಿಮ್ಮ ರಟ್ಟೆ ಬಿದ್ದು ಹೋಗುತ್ತೆ.

ಇಂಜಿನ್ ಒಳಗೂ ಇದೇ ಲೆಕ್ಕ. ಒಂದೊಂದು ಸುತ್ತಲ್ಲಿ ಎಷ್ಟು ತಿರುಚೋ ಬಲ, ನಿಮಿಷಕ್ಕೆ ಎಷ್ಟು ಸುತ್ತು, ಎರಡನ್ನೂ ಗುಣಿಸಿದ್ರೆ ಸಿಗೋದೇ ಅಶ್ವಶಕ್ತಿ. ದೊಡ್ಡ ಇಂಜಿನ್ ಒಂದು ಸುತ್ತಿಗೆ ಜಾಸ್ತಿ ಗಾಳಿ, ಜಾಸ್ತಿ ಪೆಟ್ರೋಲ್ ನುಂಗುತ್ತೆ, ಅದರ ಏಟು ಭಾರ. ಚಿಕ್ಕದಕ್ಕೆ ಆ ಭಾಗ್ಯ ಇಲ್ಲ, ಸುತ್ತು ಹೆಚ್ಚಿಸ್ಕೊಂಡೇ ಬದುಕಬೇಕು. ಮತ್ತೆ, ಅದು ಸುತ್ತಬಲ್ಲದು ಕೂಡ. ಪಿಸ್ಟನ್ ಪ್ರತಿ ಸುತ್ತಿಗೆ ಎರಡು ಸಲ, ಮೇಲೊಂದು ಕೆಳಗೊಂದು, ಪೂರ್ತಿ ನಿಂತು ವಾಪಸ್ ತಿರುಗಬೇಕು. ಸುತ್ತು ಎರಡರಷ್ಟಾದ್ರೆ ಆ ಎಳೆದಾಟ ನಾಲ್ಕರಷ್ಟಾಗುತ್ತೆ. ಪಿಸ್ಟನ್ ಹಗುರ ಇದ್ದು ಓಡೋ ದೂರ ಕಮ್ಮಿ ಇದ್ರೆ ತಡ್ಕೊಳ್ಳುತ್ತೆ.

ಒಂದು ಲೆಕ್ಕ ಹೇಳ್ತೀನಿ, ಬರ್ಕೊಳ್ಳೋರು ಬರ್ಕೊಳ್ಳಿ. ನಮ್ಮ ಹಳೇ ಅಂಬಾಸಿಡರ್ 1489 ಸಿಸಿ, ನಾಲ್ಕು ಸಿಲಿಂಡರ್. ಪಿಸ್ಟನ್ ಓಡೋ ದೂರ 88.9 ಮಿಲಿಮೀಟರ್. 1983ರಲ್ಲಿ ಬಂದ ಮಾರುತಿ 800ಕ್ಕೆ 796 ಸಿಸಿ, ಮೂರೇ ಸಿಲಿಂಡರ್, ಪಿಸ್ಟನ್ ಓಡೋದು 72 ಮಿಲಿಮೀಟರ್. ಅಂಬಾಸಿಡರ್ 4200 ಸುತ್ತಲ್ಲಿ ಇದ್ದಾಗ ಅದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು ಹನ್ನೆರಡೂವರೆ ಮೀಟರ್. ಮಾರುತಿ 5200 ಸುತ್ತಲ್ಲಿ ಇದ್ದಾಗಲೂ ಅಷ್ಟೇ. ಹೊರಗಿನಿಂದ ಕೇಳೋ ಕಿವಿಗೆ ‘ಅಯ್ಯೋ ಸಾವಿರ ಸುತ್ತು ಜಾಸ್ತಿ’, ಒಳಗಿರೋ ಪಿಸ್ಟನ್‌ಗೆ ಅದೇ ಓಟ.

ಇನ್ನೂ ದೊಡ್ಡದು ಬೇಕಾದ್ರೆ ಸರಕು ಹಡಗು ನೋಡಿ. ಅದರಲ್ಲಿ ಎರಡೂವರೆ ಮೀಟರ್ ಓಡೋ ಪಿಸ್ಟನ್ ಇರೋ ಡೀಸೆಲ್ ಇಂಜಿನ್ ಇದೆ, ನಿಮಿಷಕ್ಕೆ ಸುಮಾರು ನೂರೇ ಸುತ್ತು. ಆ ಕಡೆ 2006ರ ಫಾರ್ಮುಲಾ ಒನ್ ಕಾರು, ಎಂಟು ಸಿಲಿಂಡರ್, ಪಿಸ್ಟನ್ ಓಡೋದು 40 ಮಿಲಿಮೀಟರ್ ಆಸುಪಾಸು, ಸುತ್ತು ಇಪ್ಪತ್ತು ಸಾವಿರದ ಹತ್ತಿರ. ನಾವೆಲ್ಲ ಈ ಎರಡರ ಮಧ್ಯೆ ಹೆಬ್ಬಾಳ ಫ್ಲೈಓವರ್ ಮೇಲೆ ನಿಂತಿದ್ದೀವಿ.

ಈಗ ನಮ್ಮ ತಂದೆ ಕಥೆ. ಇದನ್ನ ಚಿಕ್ಕದಾಗಿ ಹೇಳ್ಬೇಕು ಅಂತ ಪ್ರತಿ ಸಲ ಅಂದ್ಕೋತೀನಿ.

ಅಪ್ಪ ಸರ್ಕಾರಿ ಇಲಾಖೆಯೊಂದರಲ್ಲಿ ಮೂವತ್ತೊಂದು ವರ್ಷ ಅಂಬಾಸಿಡರ್ ಓಡಿಸಿದೋರು. ಅವರ ಜಂಬ ಏನಂದ್ರೆ, ‘ಯಶವಂತಪುರದಲ್ಲಿ ಟಾಪ್ ಹಾಕಿದ್ರೆ ತುಮಕೂರಲ್ಲೇ ನಾನು ಗೇರ್ ಮುಟ್ಟೋದು’. ಅದು ಸುಳ್ಳಲ್ಲ. ಅಂಬಾಸಿಡರ್ ಹಾಗೇ ಓಡ್ತಿತ್ತು. ಕಡಿಮೆ ಸುತ್ತಲ್ಲೂ ಗೊಣಗದೆ ಎಳೆಯೋ ಎತ್ತು. ಜಾಸ್ತಿ ರೇಸ್ ಕೊಟ್ರೆ ಬರೀ ಗಲಾಟೆ, ನಾಲ್ಕು ಸಾವಿರ ಸ್ವಲ್ಪ ದಾಟಿದ್ರೆ ಅದರ ದಮ್ಮು ಮುಗೀತು. ಹಾಗಾಗಿ ಸದ್ದು ಬಂದ ಕೂಡಲೇ ಮೇಲಿನ ಗೇರು ಅನ್ನೋದು ಆ ತಲೆಮಾರಿನ ಡ್ರೈವರುಗಳ ಗಾಯತ್ರಿ ಮಂತ್ರ.

1997ರಲ್ಲಿ ನಾನು ಸೆಕೆಂಡ್ ಹ್ಯಾಂಡ್ ಮಾರುತಿ 800 ತಗೊಂಡೆ. ಬಿಳೀದು. ಮೊದಲ ಪ್ರಯಾಣ ಧರ್ಮಸ್ಥಳಕ್ಕೆ. ನಾನು, ಮುಂದೆ ಅಪ್ಪ, ಹಿಂದೆ ಅಮ್ಮ, ಅತ್ತೆ, ತಮ್ಮ. ತಮ್ಮನ ಮಡಿಲಲ್ಲಿ ಒಂದು ಚೀಲ, ಅತ್ತೆ ಕಾಲ ಬುಡದಲ್ಲಿ ಎರಡು ತೆಂಗಿನಕಾಯಿ. ಹೋಗೋದು ಇಳಿಜಾರು, ಚೆನ್ನಾಗಿ ಹೋದ್ವಿ. ವಾಪಸ್ ಬರೋವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಶುರುವಾಯ್ತು. ಮುಂದೆ ಮಂಗಳೂರಿನ ಟ್ಯಾಂಕರ್ ಒಂದು ಆಮೆ ಥರ ಹತ್ತುತ್ತಾ ಇದೆ. ನಾನು ಮೂರನೇ ಗೇರಲ್ಲಿ, ಮುಳ್ಳು ಇಪ್ಪತ್ತೈದಕ್ಕೆ ಬಂದಿದೆ, ಗಾಡಿ ಚಳಿಜ್ವರ ಬಂದೋರ ಹಾಗೆ ನಡುಗ್ತಾ ಇದೆ. ನಾನು ಸೆಕೆಂಡ್ ಹಾಕೋಕೆ ಕೈ ಇಟ್ಟೆ. ಅಪ್ಪ ನನ್ನ ಕೈ ಮೇಲೆ ಕೈ ಇಟ್ಟರು. ‘ಬೇಡ ಪುಟ್ಟೀ, ಕೂಗುತ್ತೆ. ಹಂಗೇ ಎಳೀಲಿ.’

ಎಳೀಲಿಲ್ಲ. ತಿರುವಿನಲ್ಲೇ ನಿಂತುಹೋಯ್ತು. ಹ್ಯಾಂಡ್‌ಬ್ರೇಕ್ ಹಿಡೀತಾ ಇಲ್ಲ. ಅಮ್ಮ ಮಂಜುನಾಥನ್ನ ಕರೀತಾ ಇದ್ದಾರೆ, ಅತ್ತೆ ತೆಂಗಿನಕಾಯಿ ಹಿಡ್ಕೊಂಡಿದ್ದಾರೆ. ಹಿಂದಿನ ಲಾರಿಯ ಕ್ಲೀನರ್ ಹುಡುಗ, ಹದಿನೆಂಟು ವರ್ಷ ಇರಬಹುದು, ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಕಿಟಕಿ ಹತ್ರ ಬಂದು, ‘ಅಕ್ಕಾ, ಇದು ಲಾರಿಯಲ್ಲ. ಫಸ್ಟಲ್ಲಿ ಚೆನ್ನಾಗಿ ರೇಸ್ ಕೊಟ್ಟು ಎಬ್ಸಿ, ಆಮೇಲೆ ಸೆಕೆಂಡಲ್ಲಿ ಕೂಗಿಸ್ಕೊಂಡೇ ಹೋಗಿ. ಯಜಮಾನ್ರು ಏನಂದ್ರೂ ಕೇಳ್ಬೇಡಿ’ ಅಂದ. ಲಾರಿಯಲ್ಲೇ ಬೆಳೆದ ಹುಡುಗ, ಲಾರಿಗೂ ಕಾರಿಗೂ ಬೇರೆ ಬೇರೆ ಕಾಲು ಬೇಕು ಅಂತ ಅವನಿಗೆ ಗೊತ್ತಿತ್ತು. ಸೆಕೆಂಡಲ್ಲಿ ಕೂಗಿಸ್ಕೊಂಡೇ ಹೋದೆ. ಟ್ಯಾಂಕರ್ ಹಿಂದೆ ಬಿತ್ತು. ಅಪ್ಪ ಸಕಲೇಶಪುರದವರೆಗೂ ಮಾತಾಡ್ಲಿಲ್ಲ. ಅಲ್ಲಿ ಕಾಫಿ ಕುಡಿದು ಲೋಟ ಕೆಳಗಿಟ್ಟು, ‘ಆ ಹುಡುಗನಿಗೆ ಹತ್ತು ರೂಪಾಯಿ ಕೊಡ್ಬೇಕಿತ್ತು’ ಅಂದ್ರು. ಅಷ್ಟೇ. ಸಾಯೋವರೆಗೂ ಆ ವಿಷಯ ಮತ್ತೆ ಎತ್ತಲಿಲ್ಲ.

ಅಪ್ಪನ ತಪ್ಪು ಎಲ್ಲಿ ಅಂತ ಆಮೇಲೆ ತೂಕ ಹಾಕಿ ನೋಡ್ದೆ. ಖಾಲಿ ಮಾರುತಿ ಸುಮಾರು 650 ಕೆಜಿ, ಅಂಬಾಸಿಡರ್ 1100 ಕೆಜಿ ಮೇಲೆ. ಐದು ಜನ ಹತ್ತಿದ್ರೆ 300 ಕೆಜಿ ದಾಟುತ್ತೆ. ಅಂಬಾಸಿಡರ್‌ಗೆ ಅದು ಕಾಲು ಭಾಗದಷ್ಟು ಹೊರೆ. ಮಾರುತಿಗೆ ಅರ್ಧ ಕಾರೇ ಹತ್ತಿ ಕೂತಂಗೆ. ಅದಕ್ಕೇ ಚಿಕ್ಕ ಕಾರು ಒಬ್ಬರೇ ಇದ್ದಾಗ ಚಿಗರೆ, ನೆಂಟರು ಹತ್ತಿದ ಕೂಡಲೇ ಬೇರೇನೇ ಗಾಡಿ. ಆಗ ಗೇರ್ ಬದಲಾಯಿಸೋ ಜಾಗವೂ ಬದಲಾಗಬೇಕು. ನಲವತ್ತು ಅಶ್ವಶಕ್ತಿಯೂ ಪೂರ್ತಿ ಇಲ್ಲದ ಇಂಜಿನ್ ಅದು, ಇರೋ ಅಷ್ಟೂ ಸಿಗೋದು 5000 ಸುತ್ತಿನ ಆಸುಪಾಸಲ್ಲಿ. ಎರಡು ಸಾವಿರದಲ್ಲೇ ಓಡಿಸ್ತೀನಿ ಅಂದ್ರೆ ಅದರ ಅರ್ಧವೂ ಕೈಗೆ ಬರಲ್ಲ.

ಗಾತ್ರ ಒಂದೇ ಎಲ್ಲಾ ನಿರ್ಧಾರ ಮಾಡುತ್ತಾ ಅಂತ ಅಲ್ಲಿ ಯಾರೋ ತಲೆ ಆಡಿಸ್ತಾ ಇದ್ದೀರಿ. ಇಲ್ಲ. 1960ರ ದಶಕದಲ್ಲಿ ಹೋಂಡಾ ಎಸ್800 ಅಂತ ಒಂದು ಪುಟ್ಟ ಸ್ಪೋರ್ಟ್ಸ್ ಕಾರು ಮಾಡಿತು. 791 ಸಿಸಿ, ನಮ್ಮ ಮಾರುತಿಗಿಂತ ಐದು ಸಿಸಿ ಕಮ್ಮಿ. ಶಕ್ತಿ 70 ಅಶ್ವಶಕ್ತಿ, ಅದೂ 8000 ಸುತ್ತಲ್ಲಿ. ಅದೇ ಗಾತ್ರವನ್ನ ಅವರು ನಾಲ್ಕು ಸಿಲಿಂಡರ್‌ಗೆ ಹಂಚಿದ್ರು, ಒಂದೊಂದು ಪಿಸ್ಟನ್ನೂ ಇನ್ನೂ ಚಿಕ್ಕದಾಯ್ತು. ಅಂದ್ರೆ ನೋಡಬೇಕಾದ್ದು ಇಡೀ ಇಂಜಿನ್ನಿನ ಗಾತ್ರಕ್ಕಿಂತ ಒಂದೊಂದು ಸಿಲಿಂಡರಿನ ಗಾತ್ರ. ಕವಾಟ, ಗಾಳಿ ದಾರಿ ಅಂತ ಇನ್ನೂ ಇದೆ, ಬಿಡಿ.

ನಮ್ಮ ರಸ್ತೆ ತುಂಬಾ ಯಾಕೆ 1197 ಸಿಸಿ ಪೆಟ್ರೋಲ್ ಕಾರುಗಳೇ ಅಂತ ಯೋಚಿಸಿದ್ದೀರಾ? 2006ರ ಬಜೆಟ್ಟಿನಲ್ಲಿ, ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದ್ರೆ 1200 ಸಿಸಿ, ಡೀಸೆಲ್ ಆದ್ರೆ 1500 ಸಿಸಿ, ಅಷ್ಟರೊಳಗಿದ್ರೆ ಸಣ್ಣ ಕಾರು, ತೆರಿಗೆ ಕಮ್ಮಿ ಅಂತ ಮಾಡಿದ್ರು. ನಮ್ಮ ಇಂಜಿನ್ನಿನ ಅಳತೆ ದೆಹಲಿಯಲ್ಲಿ ನಿರ್ಧಾರ ಆಯ್ತು. ಕಾರು ಮಾತ್ರ ವರ್ಷದಿಂದ ವರ್ಷಕ್ಕೆ ದಪ್ಪ ಆಗ್ತಾ ಬಂತು, ಏರ್‌ಬ್ಯಾಗು, ಎಸಿ, ದೊಡ್ಡ ಚಕ್ರ. ಅದೇ ಇಂಜಿನ್, ಜಾಸ್ತಿ ಹೊರೆ. ಅದರ ಮೇಲೆ ನಾವಿರೋದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರ ಹತ್ತಿರ ಹತ್ತು ಪರ್ಸೆಂಟ್ ಕಮ್ಮಿ. ಟರ್ಬೋ, ಅಂದ್ರೆ ಗಾಳಿಯನ್ನ ಒತ್ತಿ ತುಂಬೋ ಸಾಧನ, ಇಲ್ಲದ ಇಂಜಿನ್‌ಗೆ ಅಷ್ಟು ಉಸಿರು ಕಮ್ಮಿ, ಅಷ್ಟು ಶಕ್ತಿಯೂ ಕಮ್ಮಿ. 1200 ಸಿಸಿ ಕೊಟ್ಟು 1080 ಸಿಸಿಯ ಕೆಲಸ ತಗೊಂಡ ಹಾಗೆ. ಪಣಂಬೂರಿಗೆ ಹೋದಾಗ ಗಾಡಿ ಚೆನ್ನಾಗಿ ಎಳೆಯುತ್ತೆ, ಮೀನೂಟದ ಮಹಿಮೆ ಅಂತ ನನ್ನ ತಮ್ಮ ಅಂತಾನೆ. ಗಾಳಿಯ ಮಹಿಮೆ.

ಚೀಟಿ ಬಂತು. ಹತ್ತೇ ನಿಮಿಷವಂತೆ. ಆ ಕಥೆ ಹೇಳ್ಬಾರ್ದಿತ್ತು.

ಬೇಗ ಹೇಳ್ತೀನಿ. ‘ಮೇಡಂ, ಮೈಲೇಜ್?’ ನ್ಯಾಯವಾದ ಪ್ರಶ್ನೆ. ಸಪಾಟು ರಸ್ತೆಯಲ್ಲಿ, ಕಾಲು ಹಗುರವಾಗಿದ್ದಾಗ, ಮೇಲಿನ ಗೇರೇ ಸರಿ. ಡ್ಯಾಶ್‌ಬೋರ್ಡಲ್ಲಿ ಮೇಲಕ್ಕೆ ಬಾಣ ತೋರಿಸುತ್ತಲ್ಲ, ಅದು ಅಂಥ ಹೊತ್ತಿಗೆ. ಆದ್ರೆ ಎಕ್ಸಲೇಟರ್ ಅರ್ಧಕ್ಕಿಂತ ಜಾಸ್ತಿ ತುಳಿದ್ರೂ ಗಾಡಿ ಏಳ್ತಿಲ್ಲ, ನಡುಗ್ತಿದೆ, ಗುಡುಗುಡು ನಾಕ್ ಹೊಡೀತಿದೆ ಅಂದ್ರೆ ಆ ಗೇರಿನಲ್ಲಿ ನೀವೇನೂ ಉಳಿಸ್ತಾ ಇಲ್ಲ. ಒಂದು ಗೇರ್ ಇಳಿಸಿ. ಕೂಗುತ್ತೆ, ಕೂಗಲಿ. ಒಂದೇ ಷರತ್ತು, ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕೂಗಿಸಬೇಡಿ. ಆಯಿಲ್ ಬಿಸಿಯಾಗಲಿ.

ದೊಡ್ಡ ಡೀಸೆಲ್ ಓಡಿಸೋರಿಗೆ ನಾನು ಉಲ್ಟಾ ಹೇಳ್ತೀನಿ. ಹಳೇ ಇನೋವಾ 2494 ಸಿಸಿ, 1400 ಸುತ್ತಿಗೇ 200 ನ್ಯೂಟನ್ ಮೀಟರ್ ತಿರುಚೋ ಬಲ ಕೈಗೆ ಬರ್ತಿತ್ತು. ಮಾರುತಿ 800ಕ್ಕಿದ್ದದ್ದರ ಮೂರರಷ್ಟಕ್ಕಿಂತ ಜಾಸ್ತಿ. ಅದನ್ನ ಕೂಗಿಸೋದು ದಂಡ. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸಿದ ಕಾಲು ಮನೆಯ ಚಿಕ್ಕ ಪೆಟ್ರೋಲ್ ಕಾರಿಗೆ ಬಂದ್ರೆ ಅಪ್ಪನ ಕಥೆಯೇ. ಮಧ್ಯದಲ್ಲಿ 1248 ಸಿಸಿಯ ಡೀಸೆಲ್ ಇತ್ತಲ್ಲ, ಸ್ವಿಫ್ಟಿನಲ್ಲಿ, ಇಂಡಿಕಾ ವಿಸ್ಟಾದಲ್ಲಿ, ಅದು ಎರಡು ಸಾವಿರದವರೆಗೆ ನಿದ್ದೆ, ಆಮೇಲೆ ಒದೆ. ಅದನ್ನ ಸಿಗ್ನಲ್ಲಲ್ಲಿ ಕಲಿಸೋದೇ ಒಂದು ತಪಸ್ಸು. ಈಗಿನ ಒಂದು ಲೀಟರ್ ಟರ್ಬೋ ಪೆಟ್ರೋಲ್ ಇಂಜಿನ್ ಕೆಳಗಿನ ಸುತ್ತಲ್ಲೂ ಎಳೆಯುತ್ತೆ, ನಿಜ. ಹಾಗಂತ 1300ರಲ್ಲಿ ಮೇಲಿನ ಗೇರಿಟ್ಟು ಪೂರ್ತಿ ತುಳಿಯಬೇಡಿ. ಕಿಡಿ ಹಾರೋ ಮೊದಲೇ ಒಳಗೆ ಪೆಟ್ರೋಲ್ ಹತ್ಕೊಂಡು ಪಿಸ್ಟನ್ ಒಡೆದ ಉದಾಹರಣೆಗಳಿವೆ. ಕೂಗಿದ ಇಂಜಿನ್‌ಗಿಂತ ಗೊಣಗಿದ ಇಂಜಿನ್‌ಗೆ ಹೆದರಿ.

ಇಳಿಯೋವಾಗ? ನಂದಿ ಬೆಟ್ಟ ಇಳಿಯೋವಾಗ ಹತ್ತಿದ ಗೇರಲ್ಲೇ ಇಳೀರಿ. ಚಿಕ್ಕ ಇಂಜಿನ್ ತಡೆ ಹಿಡಿಯೋದೂ ಕಮ್ಮಿ, ಆಗಲೂ ಸ್ವಲ್ಪ ಕೂಗಿಸಬೇಕು, ಇಲ್ಲಾಂದ್ರೆ ಬ್ರೇಕು ಕಾಯುತ್ತೆ.

ಎಲೆಕ್ಟ್ರಿಕ್ ಬಗ್ಗೆ ಒಂದು ಪುಟ ಇತ್ತು. 2001ರಲ್ಲಿ ನಮ್ಮೂರಲ್ಲೇ ತಯಾರಾಗಿ ಬಂದ ರೇವಾದಲ್ಲಿ ಒಬ್ಬರಿಗೆ ಕಲಿಸಿದ್ದೆ. ಗೇರಿಲ್ಲ, ಕ್ಲಚ್ಚಿಲ್ಲ, ನಿಂತಲ್ಲಿಂದಲೇ ಎಳೆತ, ಕೂಗೂ ಇಲ್ಲ. ಪಕ್ಕದಲ್ಲಿ ಕೂತ ಅವರ ಯಜಮಾನ್ರಿಗೆ ಬೈಯೋಕೆ ಏನೂ ಸಿಗದೆ ಇಂಡಿಕೇಟರ್ ಬಗ್ಗೆ ಬೈದ್ರು.

ಇನ್ನೊಂದು ಚೀಟಿ. ಇದು ಟೈಮ್‌ದಲ್ಲ. ನನ್ನ ಕಾರು ಗೇಟಿಗೆ ಅಡ್ಡ ನಿಂತಿದೆಯಂತೆ, ಯಾರೋ ಹೊರಗೆ ಹೋಗಬೇಕಂತೆ. ತೆಗೀತೀನಿ ತೆಗೀತೀನಿ. ಪ್ರಶ್ನೆ ಇರೋರು ಅಲ್ಲಿಗೇ ಬನ್ನಿ, ಬಾನೆಟ್ ಎತ್ತಿಟ್ಟೇ ಮಾತಾಡೋಣ. ಆ ಗೇಟಿನ ಹತ್ರ ಏರು ಜಾಸ್ತಿ ಇದೆ, ಸ್ವಲ್ಪ ಸದ್ದಾಗುತ್ತೆ.