ಶೂನ್ಯ ಟಿಕೆಟ್ ಎಣಿಸಿದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ಹೋದ ಮಳೆಗಾಲದಲ್ಲಿ ಆನಂದಪುರದ ಹತ್ತಿರ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಅಕ್ಕ ಕ್ಯಾಲೆಂಡರ್ ಹಿಂದಿನಿಂದ ಒಂದು ಕಟ್ಟು ಟಿಕೆಟ್ ತೆಗೆದು ತೋರಿಸಿದರು. ರಬ್ಬರ್ ಬ್ಯಾಂಡ್ ಹಾಕಿ ಜೋಪಾನ ಮಾಡಿದ ಶೂನ್ಯ ಟಿಕೆಟ್‌ಗಳು. ತಿಂಗಳಿಗೊಂದು ಸಲ ಬಿ.ಪಿ. ಮಾತ್ರೆ ತರಲು ಶಿವಮೊಗ್ಗಕ್ಕೆ ಹೋಗಿಬಂದ ಗುರುತು. "ಮುಂಚೆ ಮಾತ್ರೆ ಮುಗಿದ್ರೆ ಹಾಗೇ ಬಿಡ್ತಿದ್ದೆ ಮಾರಾಯ್ರೆ" ಅಂದರು.

ಕರ್ನಾಟಕದ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡದೆ ಶೂನ್ಯ ಟಿಕೆಟ್ ಪಡೆದು ಓಡಾಡುವ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಅವತ್ತಿನಿಂದ ಜಾಸ್ತಿ ಕೇಳುತ್ತಿರುವುದು ಒಂದೇ ಲೆಕ್ಕ, ಎಷ್ಟು ಟಿಕೆಟ್ ಹರಿದರು, ಎಷ್ಟು ಕೋಟಿ ಖರ್ಚಾಯಿತು ಅಂತ. ಅದು ಕೊಟ್ಟಿದ್ದರ ಲೆಕ್ಕ. ಆ ಅಕ್ಕನ ಬಿ.ಪಿ. ಇಳಿಯಿತಾ, ಮಗಳು ಪೇಟೆಯಲ್ಲಿ ಕೆಲಸಕ್ಕೆ ಸೇರಿದಳಾ, ಅದನ್ನು ಯಾರು ಬರೆದಿಟ್ಟಿದ್ದಾರೆ?

ಬದಲಾವಣೆ ಕಂಡರೂ ಅದು ಯೋಜನೆಯಿಂದಲೇ ಆಯಿತು ಅನ್ನೋದು ಹೇಗೆ? ಅಡಿಕೆ ರೇಟು ಏರಿದ ವರ್ಷ ನಮ್ಮಲ್ಲಿ ಕೂಲಿಯವರ ಕೈಯಲ್ಲೂ ದುಡ್ಡು ಓಡಾಡುತ್ತದೆ. ಕೊಳೆರೋಗ ಬಂದ ವರ್ಷ ಎಲ್ಲರ ಕೈಯೂ ಖಾಲಿ. ಹಾಗಾಗಿ ಯೋಜನೆ ಬರದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಗೊತ್ತಾಗಬೇಕು. ಅದನ್ನು ನೋಡಲು ಮಲೆನಾಡಿಗಿಂತ ಒಳ್ಳೇ ಜಾಗ ಇಲ್ಲ ಅಂತ ನನಗನಿಸುತ್ತದೆ. ಇಲ್ಲಿ ಎಷ್ಟೋ ಊರಿಗೆ ಬರೋದು ಪ್ರೈವೇಟ್ ಬಸ್ ಮಾತ್ರ, ಅದರಲ್ಲಿ ಶಕ್ತಿ ನಡೆಯಲ್ಲ. ಅದೇ ಮಳೆ, ಅದೇ ಅಡಿಕೆ, ಒಂದೂರಿಗೆ ಕೆಂಪು ಬಸ್ಸು ಉಂಟು, ಪಕ್ಕದೂರಿಗೆ ಇಲ್ಲ. ಆದರೆ ಇವತ್ತು ಹೋಗಿ ಸುಮ್ನೆ ಎರಡೂರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೋಸ ಹೋಗುತ್ತೇವೆ, ಯಾಕಂದ್ರೆ ಸರ್ಕಾರಿ ಬಸ್ ಬರೋ ಊರು ಮೊದಲಿಂದಲೂ ಹೈವೇ ಬದಿಯಲ್ಲಿದ್ದು, ಆಸ್ಪತ್ರೆ, ಕಾಲೇಜು ಎಲ್ಲ ಹತ್ತಿರವೇ ಇದ್ದಿರಬಹುದು. 2023ಕ್ಕೆ ಮೊದಲು ಎರಡೂರಿನ ನಡುವೆ ಎಷ್ಟು ಅಂತರ ಇತ್ತು, ಆಮೇಲೆ ಎಷ್ಟಾಯಿತು, ಅದನ್ನು ಹಿಡಿಯಬೇಕು.

ಬಿಹಾರದಲ್ಲಿ ಹೀಗೇ ಮಾಡಿದ್ದಾರೆ. 2006ರಲ್ಲಿ ಅಲ್ಲಿ ಹೈಸ್ಕೂಲು ಸೇರಿದ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಸೈಕಲ್ ಎಣಿಸುತ್ತಾ ಕೂರಲಿಲ್ಲ. ಅಲ್ಲಿನ ಹುಡುಗರ ಜೊತೆ, ಪಕ್ಕದ ಜಾರ್ಖಂಡ್ ಜೊತೆ ಹೋಲಿಸಿದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ 32% ಏರಿತ್ತು. ಅದೂ ಹೆಚ್ಚಾಗಿ, ಶಾಲೆ 3 ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲಿ. ಕಾಡುದಾರಿಯಲ್ಲಿ ನಡೆದು ಶಾಲೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಯೋಜನೆ ಬಂದ ಮೇಲೆ ಹೆಂಗಸರ ಮೇಲಿನ ಅಪರಾಧ ಏರಿತಾ ಇಳಿಯಿತಾ ಅನ್ನೋ ಲೆಕ್ಕ ಇನ್ನೂ ಸೂಕ್ಷ್ಮ. ಪಂಚಾಯ್ತಿಗಳಲ್ಲಿ ಮಹಿಳಾ ಮೀಸಲಾತಿ ಬಂದ ಮೇಲೆ ದೇಶದಲ್ಲಿ ಹೆಂಗಸರ ಮೇಲಿನ ಅಪರಾಧಗಳ ದಾಖಲೆ 44% ಏರಿತು ಅಂತ ಅರ್ಥಶಾಸ್ತ್ರಜ್ಞೆ ಲಕ್ಷ್ಮಿ ಅಯ್ಯರ್ ಮತ್ತು ಜೊತೆಯವರು 2012ರಲ್ಲಿ ಬರೆದರು. ಕೇಳಿದರೆ ಗಾಬರಿಯಾಗುತ್ತದೆ ಅಲ್ವಾ? ಅವರು ಇನ್ನಷ್ಟು ಕೆದಕಿ ನೋಡಿದಾಗ ಕಂಡಿದ್ದು ಬೇರೆ. ಹೆಂಗಸರು ಠಾಣೆ ಮೆಟ್ಟಿಲು ಹತ್ತಿ ದೂರು ಕೊಡೋದು ಜಾಸ್ತಿಯಾಗಿತ್ತು.

ಆನಂದಪುರದ ಅಕ್ಕನಿಗೆ ಒಬ್ಬರು ತಂಗಿ ಇದ್ದಾರೆ. ಮದುವೆಯಾಗಿ ಹೋಗಿದ್ದು ಹೊಸನಗರದ ಒಳಗಿನ ಹಳ್ಳಿಗೆ, ದಿನಕ್ಕೆ ಎರಡು ಪ್ರೈವೇಟ್ ಬಸ್. ಅವರಿಗೂ ಬಿ.ಪಿ. ಮಾತ್ರೆ ಎಷ್ಟು ತಿಂಗಳು ತಪ್ಪಿದೆ ಅಂತ ಕೇಳಲು ಬರುವ ವಾರ ಹೊರಟಿದ್ದೇನೆ. ಆ ಊರಿನ ಆಶಾ ಕಾರ್ಯಕರ್ತೆಯ ಹತ್ತಿರ 2021ರಿಂದ ಬರೆದಿಟ್ಟ ನೋಟ್‌ಬುಕ್ ಇದೆಯಂತೆ.