ಟ್ಯೂಬ್ ತಿರುಗಿಸಿ ಓದಿ

ಎಲ್ಲರಿಗೂ ನಮಸ್ಕಾರ. ಮೊಡವೆ ಬಗ್ಗೆ ಮಾತಾಡಿ ಅಂತ ನಿಮ್ಮ ಮೇಡಂ ಕರೆದಾಗ ತಕ್ಷಣ ಒಪ್ಪಿಕೊಂಡೆ. ಅದಕ್ಕೆ ಕಾರಣ ಒಬ್ಬ ಹುಡುಗಿ. ಮದ್ದೂರು ಕಡೆಯವಳು, ದಿನಾ ಬಸ್ಸಲ್ಲಿ ಮಂಡ್ಯದ ಕಾಲೇಜಿಗೆ ಬರುತ್ತಾಳೆ. ಮುಖಕ್ಕೆ ವೇಲ್ ಸುತ್ತಿಕೊಂಡೇ ನನ್ನ ಮುಂದೆ ಕೂತಳು. ತೆಗಿಯಮ್ಮ ಅಂದೆ. ತೆಗೆಯಲಿಲ್ಲ. ಅವಳ ತಾಯಿಯೇ ಹೇಳಿದರು, "ಬಿಸ್ಲಿಗೋದ್ರೆ ಉರೀತದೆ ಅಂತಾಳೆ ಡಾಕ್ಟ್ರೇ. ಒಲೆ ಮುಂದೆ ಕುಂತ್ಕಳಕ್ಕೂ ಆಯ್ತಿಲ್ಲ."

ವೇಲ್ ಸರಿಸಿದಾಗ ಎರಡೂ ಕೆನ್ನೆ ಕೆಂಪಾಗಿದ್ದವು. ದಾರದೆಳೆಯಂಥ ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಮೇಲೆಲ್ಲ ಒಂದೇ ಅಳತೆಯ ಗುಳ್ಳೆಗಳು. ಏನು ಹಚ್ಚುತ್ತಿದ್ದೆ ಅಂತ ಕೇಳಿದೆ. ಬ್ಯಾಗಿನಿಂದ ಒಂದು ಟ್ಯೂಬ್ ತೆಗೆದಳು. ತಳದಿಂದ ಬಾಯಿವರೆಗೆ ಹಿಂಡಿ ಹಿಂಡಿ ಸುರುಳಿ ಸುತ್ತಿದ್ದಳು. ಸುರುಳಿ ಬಿಚ್ಚಿ ಓದಿದೆ. ಕ್ಲೋಬೆಟಸಾಲ್. ತುಂಬಾ ಜೋರಾದ ಸ್ಟೀರಾಯ್ಡ್ ಅದು, ಅಂದರೆ ಊತ ಇಳಿಸುವ ಔಷಧಿ. ಚಿಕ್ಕಮ್ಮ ಕೊಟ್ಟಿದ್ದಂತೆ. ಎಂಟು ತಿಂಗಳು ಹಚ್ಚಿದ್ದಾಳೆ!

ಚಿಕ್ಕಮ್ಮನನ್ನು ಬೈಯಬೇಡಿ. ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಸ್ಟೀರಾಯ್ಡ್ ಹಚ್ಚಿದ ಮೊದಮೊದಲು ಊತ ಇಳಿಯುತ್ತದೆ, ಮುಖ ಬೆಳ್ಳಗಾಗುತ್ತದೆ. ಏನ್ ಹಚ್ತೀಯೇ ಅಂತ ನಾಲ್ಕು ಜನ ಕೇಳುತ್ತಾರೆ. ಆಮೇಲೆ ಚರ್ಮ ತೆಳುವಾಗುತ್ತದೆ. ಬಿಟ್ಟರೆ ಮೊಡವೆ ಮೊದಲಿಗಿಂತ ಜಾಸ್ತಿ ಬರುತ್ತದೆ. ಹೆದರಿ ಮತ್ತೆ ಹಚ್ಚುತ್ತೀರಿ. ಇಂಥ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ನಿಯಮ ಬಿಗಿ ಮಾಡಿತು. ಆದರೂ ನನ್ನ ಹತ್ತಿರ ಬರುವ ಬ್ಯಾಗುಗಳಲ್ಲಿ ಅವು ಸಿಗುತ್ತಲೇ ಇವೆ. ಅದಕ್ಕೇ ಹೇಳುವುದು, ಟ್ಯೂಬ್ ತಿರುಗಿಸಿ ಓದಿ. ಸಣ್ಣಕ್ಷರದಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಅಂತಿದ್ದರೆ ಅದು ಮೊಡವೆಗಲ್ಲ. ತಿಂಗಳುಗಟ್ಟಲೆ ಹಚ್ಚಿದ್ದರೆ ಒಂದೇ ದಿನಕ್ಕೆ ನಿಲ್ಲಿಸಲೂ ಹೋಗಬೇಡಿ, ಚರ್ಮದ ಡಾಕ್ಟರ್ ಹತ್ತಿರ ಬನ್ನಿ.

ಇನ್ನು ಬೆಳಕು. ಬಿಸಿಲಿಗೆ ಮೊಡವೆ ಒಣಗುತ್ತದೆ ಅಂತ ಊರಲ್ಲಿ ಹೇಳುತ್ತಾರೆ, ಅಲ್ವಾ? ಬೆಳಕಿಗೆ ಗುಣ ಇರುವುದು ನಿಜ. ಚರ್ಮದ ಕ್ಷಯಕ್ಕೆ ಬೆಳಕಿನಿಂದ ಚಿಕಿತ್ಸೆ ಕೊಟ್ಟ ಡೆನ್ಮಾರ್ಕ್‌ನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂತು. ಮೊಡವೆಯೊಳಗಿನ ಬ್ಯಾಕ್ಟೀರಿಯಾ ಪಾರ್ಫಿರಿನ್ ಅನ್ನುವ ವಸ್ತು ಮಾಡುತ್ತದೆ. ಸುಮಾರು 415 ನ್ಯಾನೋಮೀಟರ್‌ನ ನೀಲಿ ಬೆಳಕು ಬಿದ್ದರೆ ಆ ವಸ್ತುವೇ ಕೆರಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕ್ಲಿನಿಕ್‌ನ ನೀಲಿ ದೀಪದ ಗುಟ್ಟು ಇದೇ. ಕೆಲವರಿಗೆ ಅನುಕೂಲವಾಗುತ್ತದೆ, ಆದರೆ ಮುಲಾಮಿನ ಬದಲಿಗೆ ಅದು ಸಾಲದು.

ಬಿಸಿಲು ಆ ದೀಪವಲ್ಲ. ಅದರಲ್ಲಿ ಅತಿನೇರಳೆ ಕಿರಣವೂ ಇದೆ. ನಮ್ಮ ಗೋಧಿ ಬಣ್ಣದ, ಎಣ್ಣೆಗೆಂಪು ಚರ್ಮದಲ್ಲಿ ಮೊಡವೆ ವಾಸಿಯಾದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಬಿಸಿಲು ಬಿದ್ದಷ್ಟೂ ಆ ಕಲೆ ಗಾಢವಾಗುತ್ತದೆ. ಬಸ್ಸಿನ ಕಿಟಕಿ ಗಾಜು ಹಾಕಿಕೊಂಡರೂ ಯುವಿಎ ಅನ್ನುವ ಅತಿನೇರಳೆ ಕಿರಣ ಒಳಗೆ ಬರುತ್ತದೆ. ಇನ್ನೊಂದು ಮಾತು, ನಿಂಬೆರಸ ಹಚ್ಚಿಕೊಂಡು ದಯವಿಟ್ಟು ಬಿಸಿಲಿಗೆ ಹೋಗಬೇಡಿ. ಆ ರಸಕ್ಕೂ ಬಿಸಿಲಿಗೂ ಸೇರಿ ಚರ್ಮ ಸುಟ್ಟ ಹಾಗಾಗುತ್ತದೆ. ಹಿತ್ತಲಲ್ಲಿ ಬೆಳೆದಿದ್ದೆಲ್ಲ ಮುಖಕ್ಕೆ ಒಳ್ಳೆಯದು ಅಂತಲ್ಲ.

ಐದೇ ನಿಮಿಷ ಅಂತ ಚೀಟಿ ಬಂದಿದೆ. ಮೊಡವೆಗೆ ಹಚ್ಚುವ ಮುಲಾಮು ಯಾವುದು ಅಂತ ಬೇಗ ಹೇಳುತ್ತೇನೆ. ಬೆನ್ಜಾಯ್ಲ್ ಪೆರಾಕ್ಸೈಡ್ 2.5% ಸಾಕು, 10% ಹಚ್ಚಿದರೆ ಉರಿ ಜಾಸ್ತಿ ಅಷ್ಟೆ. ಟವೆಲ್, ದಿಂಬಿನ ಕವರ್ ಬಣ್ಣ ಬಿಡುತ್ತದೆ, ಬಿಳಿಯದೇ ಇಟ್ಟುಕೊಳ್ಳಿ. ಅಡಾಪಲೀನ್ ರಾತ್ರಿ, ಒಣಗಿದ ಮುಖಕ್ಕೆ, ಕಡಲೆಕಾಳಿನಷ್ಟು. ಬಸುರಿಯರಿಗೆ ಬೇಡ. ಬೆಳಿಗ್ಗೆ ಸನ್‌ಸ್ಕ್ರೀನ್. ಎರಡು ಮೂರು ತಿಂಗಳು ಕಾಯಬೇಕು. ವಾರದಲ್ಲಿ ಮುಖ ಹೊಳೆಯಿತು ಅಂದರೆ ಅನುಮಾನಪಡಿ, ಟ್ಯೂಬ್ ತಿರುಗಿಸಿ ಓದಿ.

ಆಹಾರದ ವಿಷಯ ಇವತ್ತು ಆಗಲಿಲ್ಲ. ನಾನು ಹೊರಗೆ ಮೆಟ್ಟಿಲ ಹತ್ತಿರ ಇರುತ್ತೇನೆ. ಬ್ಯಾಗಲ್ಲಿರುವ ಟ್ಯೂಬ್ ತನ್ನಿ. ಸುರುಳಿ ಸುತ್ತಿದ್ದರೂ ತನ್ನಿ, ಬಿಚ್ಚಿ ಒಟ್ಟಿಗೆ ಓದೋಣ.